ಬಾಡಿಗೆ ಮನೆ: ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕನ್ನಡ ಕುಟುಂಬಗಳಿಗೆ ಮಾಹಿತಿ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲವು ರಾಯಚೂರು ಜಿಲ್ಲೆಗೆ ಸೇರಿತ್ತು. ಇಂದು ಅದು 2016ರಲ್ಲಿ ರಚನೆಯಾದ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರ. ಮಕ್ತಲ್ ಪಟ್ಟಣವು 2019ರಲ್ಲಿ ರಚನೆಯಾದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಈ ಊರುಗಳಲ್ಲಿ ಬಾಡಿಗೆ ಮನೆ ಹಿಡಿಯುವ ಕನ್ನಡ ಕುಟುಂಬಕ್ಕೆ ಎರಡು ತೊಡಕುಗಳಿವೆ. ಕರಾರು ಪತ್ರವು ಸಾಮಾನ್ಯವಾಗಿ ತೆಲುಗು ಅಥವಾ ಇಂಗ್ಲಿಷಿನಲ್ಲಿರುತ್ತದೆ. ಮನೆ ತಪ್ಪಿದರೆ ಮಗುವಿನ ಕನ್ನಡ ಶಾಲೆಯೂ ತಪ್ಪುವ ಸಂಭವವಿರುತ್ತದೆ.

ಮೊದಲು ಶಾಲೆ, ಬಳಿಕ ಮನೆ

ಕನ್ನಡ ಮಾಧ್ಯಮ ಶಾಲೆ ಪ್ರತಿ ಬಡಾವಣೆಯಲ್ಲಿ ಇರುವುದಿಲ್ಲ. ಆದ್ದರಿಂದ ಮುಂಗಡ ಕೊಡುವ ಮುನ್ನವೇ ಮಗುವಿನ ಮುಂದಿನ ತರಗತಿ ಆ ಶಾಲೆಯಲ್ಲಿ ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಬೇಕು. ಎಂಟನೇ ತರಗತಿಯವರೆಗೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ. ಇದು 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮಿನಲ್ಲಿದೆ.

ಹನ್ನೊಂದು ತಿಂಗಳ ಕರಾರು

1908ರ ನೋಂದಣಿ ಕಾಯಿದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷವನ್ನು ಮೀರುವ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ರೂಢಿಗೆ ಬಂದಿದೆ. ಜೂನ್ ಮೊದಲಿಗೆ ಆರಂಭವಾದ ಕರಾರು ಏಪ್ರಿಲ್ ಕೊನೆಗೆ, ಪರೀಕ್ಷೆಗಳು ಮುಗಿದ ಮೇಲೆ, ತೀರುತ್ತದೆ. ಅಕ್ಟೋಬರಿನಲ್ಲಿ ಆರಂಭವಾದದ್ದು ಆಗಸ್ಟಿನಲ್ಲಿ, ಶಾಲಾ ವರ್ಷದ ನಡುವೆ, ತೀರುತ್ತದೆ. ವರ್ಷದ ನಡುವೆ ಮನೆ ಹಿಡಿಯುವವರು ಮೊದಲ ಅವಧಿಯನ್ನು ಏಪ್ರಿಲ್ ಕೊನೆಯವರೆಗೆ ಮಾತ್ರ ಬರೆಸಿ, ಅನಂತರ ನವೀಕರಿಸುವುದು ಲೇಸು.

ತೆರವಿನ ಸೂಚನೆಯ ಬಗ್ಗೆ ಕರಾರಿನಲ್ಲಿ ಏನೂ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಸೂಚನೆ ಸಾಕಾಗುತ್ತದೆ. ಹತ್ತನೇ ತರಗತಿಯ ಮಗುವಿರುವ ಮನೆಗೆ ಈ ಅವಧಿ ತೀರ ಕಡಿಮೆ. ಎರಡು ತಿಂಗಳ ಸೂಚನೆ ಬೇಕೆಂದೂ ಪರೀಕ್ಷೆ ಮುಗಿಯುವ ಮುನ್ನ ತೆರವು ಕೇಳಬಾರದೆಂದೂ ಆರಂಭದಲ್ಲಿಯೇ ಬರೆಸಿಕೊಳ್ಳಬಹುದು.

ಪತ್ರದ ಭಾಷೆ

ಲಿಪಿ ಹತ್ತಿರದ್ದಾದರೂ ಪದಗಳು ಮೋಸಗೊಳಿಸುತ್ತವೆ. ತೆಲುಗಿನ ‘ನೆಲ’ ಎಂದರೆ ತಿಂಗಳು. ‘ಯಜಮಾನಿ’ ಎಂದರೆ ಗಂಡಸಾಗಲಿ ಹೆಂಗಸಾಗಲಿ, ಮಾಲೀಕರು. ‘ಅದ್ದೆ’ ಎಂದರೆ ಬಾಡಿಗೆ. ‘ಮರಮ್ಮತು’ ಎಂದರೆ ದುರಸ್ತಿ. ತೆಲುಗು ಬಲ್ಲ ನೆಂಟರಿಂದಲೋ ಶಿಕ್ಷಕರಿಂದಲೋ ಪೂರ್ತಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು. ಕನ್ನಡ ಅನುವಾದದ ಒಂದು ಪ್ರತಿಗೆ ಇಬ್ಬರ ಸಹಿಯನ್ನೂ ಪಡೆದರೆ ಮುಂದೆ ತಕರಾರಿಗೆ ಅವಕಾಶ ಕಡಿಮೆ.

ಮುಂಗಡ ಮತ್ತು ರಸೀದಿ

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಬೇಡವೆನ್ನುತ್ತದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರ; ಆದರೂ ಚೌಕಾಸಿಗೆ ಒಳ್ಳೆಯ ಆಧಾರ. ಮುಂಗಡದ ಮೊತ್ತ, ಮರಳಿಸುವ ದಿನ, ಸುಣ್ಣಬಣ್ಣದ ಖರ್ಚು ಯಾರದು ಎಂಬುದು ಪತ್ರದಲ್ಲಿರಬೇಕು. ಬಾಡಿಗೆಯನ್ನು ನಗದಾಗಿ ಕೊಟ್ಟರೆ ಪ್ರತಿ ತಿಂಗಳೂ ರಸೀದಿ ಪಡೆಯಬೇಕು.

ವಿದ್ಯುತ್ ಮೀಟರು

2024ರ ಮಾರ್ಚಿನಿಂದ ತೆಲಂಗಾಣದ ಗೃಹಜ್ಯೋತಿ ಯೋಜನೆಯು ಬಿಳಿ ರೇಷನ್ ಕಾರ್ಡಿನ ಕುಟುಂಬಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುತ್ತಿದೆ, ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಇದೇ ಹೆಸರಿನ ಯೋಜನೆಯಿದ್ದರೂ ಎರಡಕ್ಕೂ ಸಂಬಂಧವಿಲ್ಲ. ಎರಡು ಸಂಸಾರಗಳಿಗೆ ಒಂದೇ ಮೀಟರಿದ್ದರೆ ಬಳಕೆ ಕೂಡಿ ಮಿತಿ ಮೀರುತ್ತದೆ. ಪ್ರತ್ಯೇಕ ಮೀಟರು ಇದೆಯೇ ಎಂದು ನೋಡಿ, ಮನೆ ಸೇರುವ ದಿನದ ರೀಡಿಂಗನ್ನು ಕರಾರಿನಲ್ಲಿ ಬರೆಸಬೇಕು. ಮನೆ ಬಿಡುವ ದಿನವೂ ರೀಡಿಂಗ್ ಬರೆದುಕೊಂಡು, ಮುಂಗಡ ಕೈಸೇರಿದ ಮೇಲೆ ಕೀಲಿ ಕೊಡುವುದು ಕ್ರಮ.