ಹಡಗು ಹತ್ತುವವರಿಗೊಂದು ಬೇರೆ ನೋಟು!

ಮುಂಬೈಯಿಂದ ಹೊರಡುವ ಕ್ರೂಸ್‌ಗೆ ಟಿಕೆಟ್ ಮಾಡಿಸಿದಾಗಿನಿಂದ ನಮ್ಮ ಗೆಳೆಯರ ನಡುವೆ ಒಂದೇ ಚರ್ಚೆ. ನಗದು ಎಷ್ಟು ಒಯ್ಯೋಣ? ತಿಮ್ಮಾಪುರದಿಂದ ಅವ್ವ ಫೋನಿನಲ್ಲಿ, "ಎಲ್ಲಾ ರೊಕ್ಕ ಒಂದ ಕಿಸೇದಾಗ ಇಡಬ್ಯಾಡೋ" ಅಂದಳು. ಹಡಗಿನಲ್ಲಿ ಖರ್ಚೆಲ್ಲ ರೂಮಿನ ಕಾರ್ಡಿಗೆ ಬೀಳುತ್ತದಂತೆ, ಇಳಿಯುವಾಗ ಲೆಕ್ಕ. ನನಗೆ ಭಯ ಅದರದ್ದೇ..

ಅಂದಹಾಗೆ, ಹಿಂದೆ ಇದೇ ಮುಂಬೈಯಿಂದ ಹಡಗು ಹತ್ತುತ್ತಿದ್ದ ಹಜ್ ಯಾತ್ರಿಗಳಿಗೆ ರಿಸರ್ವ್ ಬ್ಯಾಂಕ್ ಬೇರೆಯದೇ ನೋಟು ಕೊಟ್ಟಿತ್ತು, ಗೊತ್ತೇ? ಆಗ ಕುವೈತ್, ಬಹ್ರೇನ್, ಕತಾರ್‌ಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಕಳ್ಳಸಾಗಣೆಯವರು ರೂಪಾಯಿ ಒಯ್ದು ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ನೋಟು ಬ್ಯಾಂಕುಗಳ ಮೂಲಕ ಮರಳಿದಾಗ ಭಾರತ ಪೌಂಡ್ ತೆರಬೇಕಿತ್ತು. ಪೌಂಡೋ ನಮ್ಮಲ್ಲಿ ಕಡಿಮೆ. ಹಾಗಾಗಿ 1959ರಲ್ಲಿ ಕೊಲ್ಲಿಗೆಂದೇ ಪ್ರತ್ಯೇಕ ನೋಟು ಬಂತು. ಯಾತ್ರಿಗಳಿಗೆ 10 ಮತ್ತು 100 ರೂಪಾಯಿಯ ಹಜ್ ನೋಟು. ಕ್ರಮಸಂಖ್ಯೆಯ ಮುಂದೆ 'ಎಚ್‌ಎ' ಅಕ್ಷರ. ಊರಿನ ದುಡ್ಡು ಬೇರೆ, ಯಾತ್ರೆಯ ದುಡ್ಡು ಬೇರೆ. ನಡುವೆ ಮುಗಿದರೆ ಎಟಿಎಂ ಎಲ್ಲಿತ್ತು?

ಕುವೈತ್ 1961ರಲ್ಲಿ ಸ್ವಂತ ದಿನಾರ್ ತಂದಿತು. 1966ರಲ್ಲಿ ರೂಪಾಯಿ ಅಪಮೌಲ್ಯವಾದಾಗ ಕತಾರೂ ಕೈಬಿಟ್ಟಿತು. ಹಜ್ ಹಡಗುಗಳು 1995ರವರೆಗೆ ಓಡಿದವು.

ನಾನು ಕೊನೆಗೆ ಯಾತ್ರಿಗಳ ದಾರಿಯನ್ನೇ ಹಿಡಿದೆ. ಹಡಗಿನ ಖರ್ಚಿಗೆ ಬೇರೆ ಖಾತೆ, ಅದರಲ್ಲಿ ಇಂತಿಷ್ಟೇ ದುಡ್ಡು. ನಗದು ಮಾತ್ರ ಎರಡು ಕಿಸೆಯಲ್ಲಿ, ಅವ್ವ ಹೇಳಿದಂತೆ :)