ಹಕ್ಕಲು ಆಯುವವರು

ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಬಾಗಿ ಉದುರಿದ ತೆನೆ ಆಯುತ್ತಿದ್ದಾರೆ. 1857ರಲ್ಲಿ ಫ್ರಾನ್ಸಿನ ಚಿತ್ರಕಾರ ಮಿಲೆ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿಟ್ಟ ಈ ಚಿತ್ರದಲ್ಲಿ ನಾವು ಎಷ್ಟು ಹುಡುಕಿದರೂ ಸಿಟ್ಟು ಸಿಗುವುದಿಲ್ಲ. ಮುಖಗಳೇ ಸರಿಯಾಗಿ ಕಾಣುವುದಿಲ್ಲ. ಹಕ್ಕಲು ಆಯುವುದು ಅಲ್ಲಿನ ಬಡವರಿಗೆ ಕಾಯಿದೆಯೇ ಕೊಟ್ಟಿದ್ದ ಹಕ್ಕು. ಆದರೂ ಉಳ್ಳವರು ಬೆಚ್ಚಿದರು. 1848ರ ಕ್ರಾಂತಿ ಕಳೆದು ಒಂಬತ್ತೇ ವರ್ಷವಾಗಿತ್ತಲ್ಲ! ವಿಮರ್ಶಕನೊಬ್ಬನಿಗಂತೂ ಆ ಹೆಂಗಸರ ಹಿಂದೆ 1793ರ ತಲೆ ಕಡಿಯುವ ಕಟ್ಟೆಗಳೇ ಕಂಡವು.

ನಿಜಕ್ಕೂ ಅವರ ಹಿಂದಿರುವುದು ದೊಡ್ಡ ಬಣವೆಗಳು, ತುಂಬಿದ ಗಾಡಿ, ದೂರದಲ್ಲಿ ಕುದುರೆಯೇರಿದ ಮೇಲ್ವಿಚಾರಕ. ರಾಶಿ ಅಲ್ಲಿ, ಹಕ್ಕಲು ಇಲ್ಲಿ. ಮಿಲೆ ಬರೆದದ್ದು ಇಷ್ಟೇ. ಅವನಿಗಿಂತ ಮುಂಚೆ, 1849ರಲ್ಲಿ, ಕೂರ್ಬೆ ಜಲ್ಲಿ ಒಡೆಯುವ ಇಬ್ಬರು ಕೂಲಿಗಳನ್ನು ಆಳೆತ್ತರಕ್ಕೆ ಬರೆದಿದ್ದ. ಅವರ ಮುಖವೂ ನಮಗೆ ಕಾಣದು. ಆ ಚಿತ್ರ 1945ರಲ್ಲಿ ಯುದ್ಧಕ್ಕೆ ಸಿಕ್ಕಿ ಹಾಳಾಯಿತು.