ಫಲಿತ ಬಲ ಮತ್ತು ವೇಗೋತ್ಕರ್ಷ

ಒಂದು ವಸ್ತುವಿನ ಮೇಲೆ ಏಕಕಾಲದಲ್ಲಿ ವರ್ತಿಸುವ ಎಲ್ಲ ಬಲಗಳನ್ನು ಅವುಗಳ ದಿಕ್ಕುಸಹಿತ ಕೂಡಿಸಿದಾಗ ದೊರೆಯುವ ಮೊತ್ತವೇ ಫಲಿತ ಬಲ. ಇದನ್ನು ನಿವ್ವಳ ಬಲವೆಂದೂ ಕರೆಯುತ್ತಾರೆ. ವಸ್ತುವಿನ ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ಇವೆರಡನ್ನೂ ಬೆಸೆಯುವುದು ನ್ಯೂಟನ್ನನ ಎರಡನೆಯ ಚಲನ ನಿಯಮ:

ಫಲಿತ ಬಲ = ದ್ರವ್ಯರಾಶಿ × ವೇಗೋತ್ಕರ್ಷ

ಬಲ ಮತ್ತು ವೇಗೋತ್ಕರ್ಷ ಎರಡೂ ಸದಿಶಗಳು, ಅಂದರೆ ಪರಿಮಾಣದ ಜೊತೆಗೆ ದಿಕ್ಕೂ ಉಳ್ಳವು. ಫಲಿತ ಬಲ ಯಾವ ದಿಕ್ಕಿಗಿದೆಯೋ ವೇಗೋತ್ಕರ್ಷವೂ ಅದೇ ದಿಕ್ಕಿಗಿರುತ್ತದೆ. 1 ಕಿ.ಗ್ರಾಂ ದ್ರವ್ಯರಾಶಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲವೇ 1 ನ್ಯೂಟನ್. ಈ ಮಾನಕ್ಕೆ ನ್ಯೂಟನ್ ಎಂಬ ಹೆಸರನ್ನು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನ 1948ರಲ್ಲಿ ಅಂಗೀಕರಿಸಿತು.

ಇತಿಹಾಸ

ಬೀಳುವ ವಸ್ತುವಿನ ವೇಗ ಸಮಪ್ರಮಾಣದಲ್ಲಿ ಏರುತ್ತ ಹೋಗುತ್ತದೆ ಎಂಬುದನ್ನು ಗೆಲಿಲಿಯೊ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಕಂಡುಕೊಂಡ. 1638ರ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ದಲ್ಲಿ ಚಲನೆಯ ಬದಲಾವಣೆಯನ್ನು ಬಲಕ್ಕೆ ಜೋಡಿಸಿದ. ಆದರೆ ಇಂದು ಪಾಠಗಳಲ್ಲಿ ಕಾಣುವ ಸಮೀಕರಣವನ್ನು ಅವನು ಬರೆದಿರಲಿಲ್ಲ. ಅದನ್ನು ಮೂರು ದಿಕ್ಕುಗಳಿಗೂ ಅನ್ವಯವಾಗುವ ಸಾಮಾನ್ಯ ತತ್ತ್ವವಾಗಿ ರೂಪಿಸಿದವನು ಗಣಿತಜ್ಞ ಆಯ್ಲರ್. ಅವನ ಲೇಖನ 1752ರಲ್ಲಿ ಅಚ್ಚಾಯಿತು. ಕೇಂಬ್ರಿಜ್‌ನ ಜಾರ್ಜ್ ಆಟ್‌ವುಡ್ 1784ರ ತನ್ನ ಪುಸ್ತಕದಲ್ಲಿ ಈ ನಿಯಮವನ್ನು ಪ್ರಯೋಗದಿಂದ ತೋರಿಸಬಲ್ಲ ರಾಟೆಯ ಯಂತ್ರವೊಂದನ್ನು ವರ್ಣಿಸಿದ.

ಲೆಕ್ಕ ಬಿಡಿಸುವ ಕ್ರಮ

ಇಂಥ ಲೆಕ್ಕಗಳಲ್ಲಿ ಗುಣಾಕಾರ, ಭಾಗಾಕಾರ ಕಷ್ಟವಲ್ಲ. ಬಲಗಳನ್ನು ಸರಿಯಾಗಿ ಗುರುತಿಸುವುದೇ ಮುಖ್ಯ. ಮೊದಲು ಯಾವ ವಸ್ತುವಿನ ಚಲನೆ ಬೇಕೋ ಅದನ್ನು ಆರಿಸಿಕೊಂಡು, ಬೇರೆ ವಸ್ತುಗಳು ಅದರ ಮೇಲೆ ಹಾಕುವ ಬಲಗಳನ್ನಷ್ಟೇ ಬಾಣಗಳಿಂದ ಗುರುತಿಸಬೇಕು: ಭೂಮಿಯ ಸೆಳೆತ, ನೆಲದ ಲಂಬ ಪ್ರತಿಕ್ರಿಯೆ, ಘರ್ಷಣೆ, ಹಗ್ಗದ ಎಳೆತ, ತಳ್ಳುವ ಕೈ. ಆ ವಸ್ತು ಇತರ ವಸ್ತುಗಳ ಮೇಲೆ ಹಾಕುವ ಬಲಗಳು ಈ ಚಿತ್ರಕ್ಕೆ ಸೇರುವುದಿಲ್ಲ. ಬಳಿಕ ಒಂದು ದಿಕ್ಕನ್ನು ಧನವೆಂದು ಇಟ್ಟುಕೊಂಡು ಎದುರಿನದನ್ನು ಋಣವೆಂದು ಎಣಿಸಿ ಕೂಡಬೇಕು. ಬಲಗಳು ಒಂದಕ್ಕೊಂದು ಲಂಬವಾಗಿದ್ದರೆ ಪೈಥಾಗೊರಸ್ ಪ್ರಮೇಯ ಬಳಸಬೇಕು: ಪೂರ್ವಕ್ಕೆ 30 ನ್ಯೂಟನ್, ಉತ್ತರಕ್ಕೆ 40 ನ್ಯೂಟನ್ ಇದ್ದರೆ ಫಲಿತ 70 ಅಲ್ಲ, 50 ನ್ಯೂಟನ್. 10 ಕಿ.ಗ್ರಾಂ ವಸ್ತುವಿಗೆ ಅದು ಕೊಡುವ ವೇಗೋತ್ಕರ್ಷ 5 ಮೀ/ಸೆ².

ಮಾದರಿ ಲೆಕ್ಕಗಳು

(ಇಲ್ಲಿ ಗುರುತ್ವ ವೇಗೋತ್ಕರ್ಷ 9.8 ಮೀ/ಸೆ² ಎಂದು ಹಿಡಿದಿದೆ.)

ಘರ್ಷಣೆ: ಸಮತಟ್ಟಾದ ನೆಲದ ಮೇಲೆ 20 ಕಿ.ಗ್ರಾಂ ಪೆಟ್ಟಿಗೆ ಇದೆ. ಸ್ಥಿರ ಘರ್ಷಣೆಯ ಗುಣಾಂಕ 0.4, ಜಾರು ಘರ್ಷಣೆಯದು 0.3. ಪೆಟ್ಟಿಗೆಯ ತೂಕ 196 ನ್ಯೂಟನ್. ನೆಲದ ಲಂಬ ಪ್ರತಿಕ್ರಿಯೆಯೂ ಅಷ್ಟೇ. ಆದ್ದರಿಂದ ಸ್ಥಿರ ಘರ್ಷಣೆಯ ಗರಿಷ್ಠ ಮಿತಿ 0.4 × 196 = 78.4 ನ್ಯೂಟನ್. ಪೆಟ್ಟಿಗೆಯನ್ನು ಅಡ್ಡಲಾಗಿ 60 ನ್ಯೂಟನ್ ಬಲದಿಂದ ತಳ್ಳಿದರೆ ಅದು ಕದಲುವುದಿಲ್ಲ. ಆಗ ಘರ್ಷಣೆ 78.4 ಅಲ್ಲ, ಸರಿಯಾಗಿ 60 ನ್ಯೂಟನ್; ಫಲಿತ ಬಲ ಸೊನ್ನೆ. 90 ನ್ಯೂಟನ್‌ನಿಂದ ತಳ್ಳಿದರೆ ಪೆಟ್ಟಿಗೆ ಜಾರತೊಡಗುತ್ತದೆ, ಘರ್ಷಣೆ 0.3 × 196 = 58.8 ನ್ಯೂಟನ್‌ಗೆ ಇಳಿಯುತ್ತದೆ. ಫಲಿತ ಬಲ 31.2 ನ್ಯೂಟನ್, ವೇಗೋತ್ಕರ್ಷ 1.56 ಮೀ/ಸೆ².

ಲಿಫ್ಟ್: 50 ಕಿ.ಗ್ರಾಂ ದ್ರವ್ಯರಾಶಿಯ ವ್ಯಕ್ತಿ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಲಿಫ್ಟ್ ನಿಂತಿರಲಿ, ಒಂದೇ ವೇಗದಲ್ಲಿ ಸಾಗುತ್ತಿರಲಿ, ಯಂತ್ರ ಅವರನ್ನು ಮೇಲಕ್ಕೆ ಒತ್ತುವ ಬಲ 490 ನ್ಯೂಟನ್. ಮೇಲೇರಲು ಹೊರಟು 1.2 ಮೀ/ಸೆ² ವೇಗೋತ್ಕರ್ಷ ಪಡೆದಾಗ ಅದು 50 × (9.8 + 1.2) = 550 ನ್ಯೂಟನ್ ಆಗುತ್ತದೆ. ಮೇಲಿನ ಮಹಡಿಯಲ್ಲಿ ನಿಲ್ಲಲೆಂದು ಅಷ್ಟೇ ದರದಲ್ಲಿ ವೇಗ ಇಳಿಸಿದಾಗ 430 ನ್ಯೂಟನ್‌ಗೆ ತಗ್ಗುತ್ತದೆ. ಆ ಕ್ಷಣದಲ್ಲೂ ಲಿಫ್ಟ್ ಮೇಲಕ್ಕೇ ಹೋಗುತ್ತಿರುತ್ತದೆ; ಆದರೆ ವೇಗೋತ್ಕರ್ಷ ಕೆಳಮುಖವಾಗಿದೆ. ಚಲನೆಯ ದಿಕ್ಕು ಬೇರೆ, ವೇಗೋತ್ಕರ್ಷದ ದಿಕ್ಕು ಬೇರೆ ಇರಬಹುದೆಂಬುದಕ್ಕೆ ಇದು ನಿದರ್ಶನ.

ಆಟ್‌ವುಡ್ ಯಂತ್ರ: ಸರಾಗವಾಗಿ ತಿರುಗುವ ಹಗುರ ರಾಟೆಯ ಮೇಲೆ ಹಾಯುವ ದಾರದ ಒಂದು ತುದಿಗೆ 3 ಕಿ.ಗ್ರಾಂ, ಇನ್ನೊಂದು ತುದಿಗೆ 2 ಕಿ.ಗ್ರಾಂ ಕಟ್ಟಿದೆ. ಎರಡನ್ನೂ ಒಂದೇ ವ್ಯವಸ್ಥೆಯೆಂದು ನೋಡಿದರೆ ಚಲನೆಗೆ ಕಾರಣವಾಗುವ ಬಲ ಎರಡು ತೂಕಗಳ ವ್ಯತ್ಯಾಸ, ಅಂದರೆ 9.8 ನ್ಯೂಟನ್. ಚಲಿಸುವ ದ್ರವ್ಯರಾಶಿ ಒಟ್ಟು 5 ಕಿ.ಗ್ರಾಂ. ವೇಗೋತ್ಕರ್ಷ 1.96 ಮೀ/ಸೆ². ದಾರದ ಎಳೆತ ಬೇಕಾದರೆ ಹಗುರ ವಸ್ತುವನ್ನು ಮಾತ್ರ ತೆಗೆದುಕೊಳ್ಳಬೇಕು: 2 × (9.8 + 1.96) = 23.52 ನ್ಯೂಟನ್. ಭಾರದ ವಸ್ತುವಿನಿಂದ ಲೆಕ್ಕ ಹಾಕಿದರೂ 3 × (9.8 − 1.96) ಎಂದು ಅದೇ ಉತ್ತರ ಬರುತ್ತದೆ. ಸ್ವತಂತ್ರ ಪತನಕ್ಕಿಂತ ಚಲನೆ ಇಷ್ಟು ನಿಧಾನವಾದ್ದರಿಂದಲೇ ಆ ಕಾಲದ ಲೋಲಕದ ಗಡಿಯಾರದಿಂದ ಅದನ್ನು ಅಳೆಯಲು ಸಾಧ್ಯವಾಯಿತು.

ಸಾಮಾನ್ಯ ತಪ್ಪುಗಳು

ದ್ರವ್ಯರಾಶಿಯನ್ನೇ ತೂಕವೆಂದು ಬಗೆದು ಕಿ.ಗ್ರಾಂಗಳನ್ನು ನ್ಯೂಟನ್‌ಗಳೊಡನೆ ಕೂಡುವುದು ಮೊದಲನೆಯದು. ಸಾಗುತ್ತಿರುವ ವಸ್ತುವಿನ ಮೇಲೆ ಮುಂದಕ್ಕೆ ಬಲ ಇರಲೇಬೇಕೆಂದು ಊಹಿಸುವುದು ಎರಡನೆಯದು. ಸಮವೇಗದಲ್ಲಿ ನೇರವಾಗಿ ಸಾಗುವ ವಸ್ತುವಿನ ಮೇಲಿನ ಫಲಿತ ಬಲ ಸೊನ್ನೆ. ಕ್ರಿಯೆ ಪ್ರತಿಕ್ರಿಯೆಗಳು ಪರಸ್ಪರ ರದ್ದಾಗುತ್ತವೆಂದು ತಿಳಿಯುವುದು ಮೂರನೆಯದು. ಅವು ಎರಡು ಬೇರೆ ವಸ್ತುಗಳ ಮೇಲೆ ವರ್ತಿಸುವುದರಿಂದ ಒಂದೇ ಮೊತ್ತದಲ್ಲಿ ಸೇರುವುದಿಲ್ಲ.

ಮಿತಿಗಳು

ಈ ಸಮೀಕರಣ ಜಡತ್ವದ ಚೌಕಟ್ಟುಗಳಲ್ಲಿ, ಅಂದರೆ ತಾನೇ ವೇಗೋತ್ಕರ್ಷ ಹೊಂದಿರದ ವೀಕ್ಷಕನಿಗೆ ಮಾತ್ರ ನೇರವಾಗಿ ಅನ್ವಯಿಸುತ್ತದೆ. ಇಂಧನ ಉರಿದಂತೆ ಹಗುರಾಗುವ ರಾಕೆಟ್ಟಿಗೆ ಹೊರದೂಡಿದ ಅನಿಲದ ಸಂವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಕಿನ ವೇಗದ ಸಮೀಪಕ್ಕೆ ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶಿಷ್ಟ ಸಾಪೇಕ್ಷತೆ, ಪರಮಾಣುವಿನ ಗಾತ್ರದ ಲೋಕಕ್ಕೆ ಕ್ವಾಂಟಮ್ ಬಲವಿಜ್ಞಾನ ಬೇಕು. ವಾಹನ, ಯಂತ್ರ, ಕಟ್ಟಡಗಳ ದೈನಂದಿನ ಲೆಕ್ಕಗಳಿಗೆ ನ್ಯೂಟನ್ನನ ನಿಯಮವೇ ಸಾಕು.